ಡಾಕ್ಟರರ ನಿದ್ದೆಯೂ ರೋಗಿಯ ಪ್ರಾಣವೂ

(ಚಿಕ್ಕಜಾಜೂರಿನ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಲು ನಿಂತಿರುವುದು ಕಲಿಯುತ್ತಿರುವ ಡಾಕ್ಟರರ ನಿದ್ದೆಯ ವಿಷಯ. ಗಿರಣಿಯ ಕೂಲಿ, ಅಂಗಡಿಯ ತೆರಿಗೆ ಬಿಟ್ಟು ಇದೇಕೆ ಎಂದು ತಮಗೆ ತೋರಬಹುದು. ಕಾರಣವಿದೆ. ಈ ಊರಿನಲ್ಲಿ ಎದೆನೋವು ಜೋರಾದರೆ, ಹೆರಿಗೆ ಕಷ್ಟವಾದರೆ ಕಾಯಿಲೆಯವರನ್ನು ದಾವಣಗೆರೆಗೋ ಚಿತ್ರದುರ್ಗಕ್ಕೋ ಒಯ್ಯುತ್ತೇವೆ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ. ಚಿತ್ರದುರ್ಗದಲ್ಲಿ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಇಂಥ ಕಾಲೇಜಿನ ಆಸ್ಪತ್ರೆ ಯಾವ ಊರಿನದೇ ಆಗಲಿ, ನಡುರಾತ್ರಿ ಬಡವನ ನಾಡಿ ಹಿಡಿಯುವವರು ಸಾಮಾನ್ಯವಾಗಿ ದೊಡ್ಡ ಡಾಕ್ಟರಲ್ಲ. ಹೌಸ್ ಸರ್ಜನ್ನರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು. ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇವರು ಒಂದೇ ಸಮನೆ 24 ಗಂಟೆ, 36 ಗಂಟೆ ದುಡಿಯುತ್ತಾರೆ. ಯಾವುದೋ ಒಂದು ಆಸ್ಪತ್ರೆಯ ಮೇಲೆ ನಾವು ಬೆರಳು ತೋರಿಸುತ್ತಿಲ್ಲ. ಇದು ಎಲ್ಲೆಡೆ ಬೇರೂರಿದ ಪದ್ಧತಿ.

ನಿದ್ದೆಗೆಟ್ಟ ಮೈ ಏನಾಗುತ್ತದೆಂಬುದು ರಾತ್ರಿ ಪಾಳಿ ದುಡಿದವರಿಗೆ ಗೊತ್ತು. ಶಾಸ್ತ್ರಜ್ಞರು ಅದನ್ನು ಅಳೆದೂ ತೋರಿಸಿದ್ದಾರೆ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕಂಡದ್ದು ಇದು: 24 ಗಂಟೆ ಎದ್ದೇ ಇದ್ದವನ ಕೈ ಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 100 ಮಿಲಿಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯಿದೆ 30 ಮಿಲಿಗ್ರಾಂ ಮೀರಿದರೇ ಲಾರಿ ಚಾಲಕನನ್ನು ಹಿಡಿಯುತ್ತದೆ. ಲಾರಿ ಚಾಲಕನಿಗೆ ಇಷ್ಟು ಬಿಗಿ, ಸೂಜಿ ಹಿಡಿದವರ ನಿದ್ದೆಯನ್ನು ಕೇಳುವವರೇ ಇಲ್ಲ!

ನಿದ್ದೆಯ ಬಾಕಿ ಸಾಲದ ಬಾಕಿಯಂತೆಯೇ ಬೆಳೆಯುತ್ತದೆಂಬುದನ್ನು ವರ್ತಕ ಬಂಧುಗಳು ಬೇಗ ತಿಳಿದಾರು. 2003ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ, ದಿನಕ್ಕೆ ಆರೇ ಗಂಟೆ ಮಲಗಿದವರು ಎರಡು ವಾರಕ್ಕೆ ಇಡೀ ರಾತ್ರಿ ನಿದ್ದೆಗೆಟ್ಟವರಂತೆ ತಪ್ಪು ಮಾಡತೊಡಗಿದರು. ಆದರೆ ತಾವು ಅಷ್ಟು ಮಂಕಾಗಿದ್ದೇವೆಂಬ ಅರಿವೇ ಅವರಿಗಿರಲಿಲ್ಲ. ಸಾಲ ಏರುತ್ತಿದೆ, ಸಾಲಗಾರನಿಗೆ ಲೆಕ್ಕ ಕಾಣುತ್ತಿಲ್ಲ! ಆದ್ದರಿಂದ "ನಮಗೇನೂ ದಣಿವಿಲ್ಲ" ಎಂಬ ಡಾಕ್ಟರರ ಮಾತನ್ನು ನಂಬಿ ಕೂರುವಂತಿಲ್ಲ. 2004ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಲೆಕ್ಕ ಹಾಕಿದರು. ದೀರ್ಘ ಪಾಳಿಯನ್ನು ತೆಗೆದುಹಾಕಿದಾಗ ಆದದ್ದಕ್ಕಿಂತ, 24 ಗಂಟೆ ಮೀರಿದ ಹಳೆಯ ಪಾಳಿಯಲ್ಲಿ ಕಿರಿಯ ಡಾಕ್ಟರರ ಕೈಯಿಂದ ಗಂಭೀರ ತಪ್ಪುಗಳು ನೂರಕ್ಕೆ 36ರಷ್ಟು ಹೆಚ್ಚು ಆಗಿದ್ದವು.

ಹಾಗಾದರೆ ಕಟ್ಟಳೆ ಇಲ್ಲವೇ? ಇದೆ. 1948ರ ಕಾರ್ಖಾನೆ ಕಾಯಿದೆ ಕಾರ್ಮಿಕನಿಗೆ ವಾರಕ್ಕೆ 48 ಗಂಟೆಯ ಗೆರೆ ಎಳೆಯಿತು. 1992ರಲ್ಲಿ ಕೇಂದ್ರ ಸರ್ಕಾರದ ಆದೇಶವೊಂದು ಕಿರಿಯ ರೆಸಿಡೆಂಟ್ ಡಾಕ್ಟರರಿಗೂ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಎಂದಿತು. 2023ರ ನಿಯಮದಲ್ಲಿ ಅದು "ಯುಕ್ತವಾದ ದುಡಿಮೆಯ ಹೊತ್ತು" ಎಂಬ ಮೃದು ಮಾತಾಯಿತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ, ದಿನಕ್ಕೆ 7ರಿಂದ 8 ಗಂಟೆ ನಿದ್ದೆ ಸಿಗಲಿ ಎಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷದಲ್ಲಿ 48 ಹೋಗಿ 74 ಆದದ್ದನ್ನು ಗಮನಿಸಿ!

ಕಾಗದದ ಮಾತು ವಾರ್ಡಿಗೆ ಏಕೆ ಇಳಿಯುವುದಿಲ್ಲ? ಈ ಯುವಕ ಯುವತಿಯರು ಅರ್ಧ ವಿದ್ಯಾರ್ಥಿಗಳು, ಅರ್ಧ ನೌಕರರು. ದುಡಿಸುವಾಗ ನೌಕರರು, ಹಕ್ಕು ಕೇಳಿದಾಗ ವಿದ್ಯಾರ್ಥಿಗಳು. ಹೊತ್ತು ಮೀರಿ ದುಡಿಸುವ ಪ್ರೊಫೆಸರರೇ ಅವರ ಪ್ರಬಂಧಕ್ಕೆ ಸಹಿ ಹಾಕಬೇಕು. ಬಾಯಿ ತೆರೆಯುವವರು ಯಾರು? ಕಡಿಮೆ ಸಂಬಳಕ್ಕೆ ಇಂಥ ಕೈಗಳು ಸಿಗುವವರೆಗೆ ಹೆಚ್ಚು ಡಾಕ್ಟರರನ್ನು ನೇಮಿಸುವ ಆತುರ ಯಾರಿಗಿದೆ?

2024ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಯಲ್ಲಿ, ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ಒರಗಿದ್ದ ತರಬೇತಿಯ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ನಡೆಸಿ ಕೊಂದರು. ದೇಶವೆಲ್ಲ ಬೀದಿಗಿಳಿಯಿತು. ಕೊಲೆಗಡುಕನಿಗೆ ಶಿಕ್ಷೆಯಾದದ್ದು ಸರಿ. ಆದರೆ ರಾತ್ರಿ ದುಡಿಯುವ ಹೆಣ್ಣುಮಗಳಿಗೆ ಚಿಲಕವಿರುವ ಒಂದು ಮಲಗುವ ಕೋಣೆ ಕೊಡಿ ಎಂಬುದೂ ಅಂದಿನ ಕೂಗಿನಲ್ಲಿತ್ತು ಎಂಬುದನ್ನು ಮರೆಯಬಾರದು.

ಪಾಳಿ ಚಿಕ್ಕದಾದರೆ ರೋಗಿ ಕೈಯಿಂದ ಕೈಗೆ ಹೋಗುತ್ತಾನೆ, ಸಂಗತಿ ತಪ್ಪಿಹೋಗುತ್ತದೆ ಎಂದು ಹಿರಿಯ ಡಾಕ್ಟರರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಉಪಾಯವೂ ಇದೆ. ನಮ್ಮ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರರು ಪಾಳಿ ಬದಲಾಗುವಾಗ ಎಲ್ಲವನ್ನೂ ಬರೆದು ಸಹಿ ಹಾಕಿ ಒಪ್ಪಿಸುತ್ತಾರಲ್ಲವೇ? ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳಲ್ಲಿ ಹೀಗೆ ಕ್ರಮಬದ್ಧವಾಗಿ ರೋಗಿಗಳನ್ನು ಒಪ್ಪಿಸುವುದನ್ನು ಕಲಿಸಿದಾಗ ತಪ್ಪುಗಳು ನೂರಕ್ಕೆ 23ರಷ್ಟು ಇಳಿದವೆಂದು 2014ರಲ್ಲಿ ವರದಿಯಾಯಿತು.

ಆದ್ದರಿಂದ ನಾವು ಕೇಳಬೇಕಾದದ್ದು ಮೂರು. ಪ್ರತಿ ವಾರ್ಡಿನ ಡ್ಯೂಟಿ ಪಟ್ಟಿಯನ್ನು ಜನ ನೋಡುವಂತೆ ಗೋಡೆಗೆ ಹಾಕಲಿ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಶ್ರಾಂತಿ ಕೋಣೆ ಇರಲಿ. ಖಾಲಿ ಬಿದ್ದ ಹುದ್ದೆಗಳನ್ನು ತುಂಬಲಿ. ಇದನ್ನು ಶಾಸಕರ ಮುಂದೆ, ಆಸ್ಪತ್ರೆಯ ಸಮಿತಿಯ ಮುಂದೆ ಬರವಣಿಗೆಯಲ್ಲೇ ಇಡೋಣ.

ಇನ್ನೊಂದು ಮಾತು. ನಡುರಾತ್ರಿ ತೂಕಡಿಸುವ ಎಳೆಯ ಡಾಕ್ಟರನ್ನು ಕಂಡು ಕೈ ಎತ್ತಲು ಹೋಗಬೇಡಿ. ಆತ ನಮ್ಮಂತೆಯೇ ಪಾಳಿಯವನು. ನಮಗೆ ಎಂಟು ಗಂಟೆಯ ದಿನವನ್ನು ಯಾರೂ ದಾನ ಕೊಡಲಿಲ್ಲ, ಒಟ್ಟಾಗಿ ನಿಂತು ಪಡೆದೆವು. ಆತನಿಗೂ ಅದು ಸಿಗುವಂತೆ ದನಿಗೂಡಿಸಿದರೆ, ಉಳಿಯುವುದು ನಮ್ಮ ಮನೆಯವರ ಪ್ರಾಣವೇ.