ಮೀನಿಗೂ ಒಂದು ಬಾಣಂತಿತನ

ಮಾಗಿಯ ಚಳಿಗೆ ನಾವು ಕಂಬಳಿ ಹೊದೆಯುತ್ತೇವೆ. ಕೆರೆಯ ಮೀನು ಏನನ್ನು ಹೊದ್ದೀತು? ಅದರ ಮೈಗೆ ತನ್ನದೇ ಆದ ಶಾಖವಿಲ್ಲ. ನೀರಿನ ಶಾಖವೇ ಅದರ ಶಾಖ. ನೀರು ತಣಿದಾಗ ಅದರ ಹಸಿವು ಕುಗ್ಗುತ್ತದೆ. ಜೊತೆಗೆ ರೋಗವನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ನಾನು ಈ ಹೊತ್ತು ಹೇಳಹೊರಟಿರುವುದು ಈ ಎರಡನೆಯ ಸಂಗತಿಯನ್ನು.

ಮೀನಿನ ರಕ್ಷಣೆಗೆ ಎರಡು ಸುತ್ತಿನ ಕೋಟೆಯಿದೆ. ಮೊದಲನೆಯದು ಹುಟ್ಟಿನಿಂದ ಬಂದದ್ದು: ಮೈಮೇಲಿನ ಲೋಳೆ, ಅದರಲ್ಲಿರುವ ಲೈಸೋಜೈಮ್, ರೋಗಾಣುಗಳನ್ನು ನುಂಗುವ ಕಣಗಳು. ಎರಡನೆಯದು ಕಲಿತದ್ದು: ಶತ್ರುವನ್ನು ಗುರುತಿಸಿ ತಕ್ಕ ಪ್ರತಿಕಾಯಗಳನ್ನು ತಯಾರಿಸುವ ಏರ್ಪಾಡು. ಚಳಿಗೆ ಮೊದಲು ಮಂಕಾಗುವುದು ಈ ಎರಡನೆಯ ಸುತ್ತು.

ಸಂತಾನಕಾಲವೂ ಈ ಬೊಕ್ಕಸದಿಂದಲೇ ತೆರಿಗೆ ಎತ್ತುತ್ತದೆ. ಮಳೆಗಾಲದಲ್ಲಿ ಕೊರವ ಮೀನು ಮೊಟ್ಟೆಯಿಟ್ಟು, ಮರಿಗಳ ಹಿಂಡನ್ನು ಬಿಡದೆ ಕಾಯುತ್ತದೆ. ಮೈಯ ಸತ್ವ ಮೊಟ್ಟೆಗೆ ಹೋಗುತ್ತದೆ. ಆಗ ರಕ್ತದಲ್ಲಿ ಏರುವ ಲೈಂಗಿಕ ಹಾರ್ಮೋನುಗಳೂ ದಣಿವಿನ ಹಾರ್ಮೋನಾದ ಕಾರ್ಟಿಸಾಲೂ ರಕ್ಷಣಾ ಕಣಗಳ ಕೆಲಸವನ್ನು ಹಿಡಿದು ನಿಲ್ಲಿಸಬಲ್ಲವು.

1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡು ಮುಂದೆ ಹಲವು ರಾಜ್ಯಗಳಿಗೆ ಹಬ್ಬಿದ ಹುಣ್ಣು ರೋಗ ಇದಕ್ಕೆ ಸಾಕ್ಷಿ. ಅಫನೋಮೈಸಿಸ್ ಎಂಬ ಬೂಷ್ಟಿನಂಥ ಜೀವಿಯಿಂದ ಬರುವ ಈ ರೋಗ ಹೆಚ್ಚಾಗಿ ಹಬ್ಬುವುದು ಮಳೆ ಕಳೆದು ನೀರು 18ರಿಂದ 22 ಡಿಗ್ರಿಗೆ ಇಳಿದಾಗ. ಕೊರವ ಮೀನು ಅದಕ್ಕೆ ಬೇಗ ತುತ್ತಾಗುತ್ತದೆ. ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಆಳವಿಲ್ಲದ ಕೆರೆಗಳಿಗೆ ಮಾಗಿಯಲ್ಲಿ ಇಂಥ ತಂಪು ಅಪರೂಪವಲ್ಲ.

ಮೀನಿನ ಮೈ ಋತುವನ್ನು ನೋಡಿ ನಡೆಯುತ್ತದೆ, ಕೊಳಚೆಗೆ ಋತುವಿಲ್ಲ. 2015ರಲ್ಲಿ ವೈಟ್‌ಫೀಲ್ಡಿನ ಮಗ್ಗುಲ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಊರೆಲ್ಲ ಕಂಡಿತು. ಕಣ್ಣಿಗೆ ಕಾಣದ್ದು ಇನ್ನೊಂದಿದೆ: ಕೊಳಚೆಯ ಅಮೋನಿಯ, ಆಮ್ಲಜನಕದ ಕೊರತೆ. ಅವೂ ಅದೇ ಕಾರ್ಟಿಸಾಲನ್ನು ಏರಿಸುತ್ತವೆ. ಮಳೆಗಾಲದ ಬಸಿರಿಗೂ ಮಾಗಿಯ ಚಳಿಗೂ ನಡುವೆ ಮೀನಿಗೆ ಚೇತರಿಸಿಕೊಳ್ಳಲು ದೊರೆಯುವ ಆಶ್ವಯುಜ, ಕಾರ್ತಿಕಗಳ ಬಿಡುವನ್ನು ಕಸಿದುಕೊಳ್ಳುವುದು ಹೀಗೆ.

ಪುಷ್ಯದಲ್ಲಿ ಮೀನು ಸತ್ತು ತೇಲಿದರೆ ನಾವು ಅಂದಿನ ನೀರನ್ನು ಮಾತ್ರ ಪರೀಕ್ಷಿಸುತ್ತೇವೆ. ಸಾವಿನ ಬೇರು ಮೂರು ತಿಂಗಳ ಹಿಂದಿನ ನೀರಿನಲ್ಲಿಯೂ ಇರಬಹುದು. ಬಾಣಂತಿಯನ್ನು ಬೆಚ್ಚಗಿಟ್ಟು ಪಥ್ಯ ಮಾಡಿಸುವ ನಾಡು ನಮ್ಮದು. ಪೀಣ್ಯವಾಗಲಿ, ಎಲೆಕ್ಟ್ರಾನಿಕ್ ಸಿಟಿಯಾಗಲಿ, ನೆರೆಯ ಕೆರೆಗೆ ಶುದ್ಧಿಮಾಡದ ನೀರನ್ನು ಬಿಡದಿದ್ದರೆ, ಅದೇ ಮೀನಿಗೆ ನಾವು ಮಾಡುವ ಬಾಣಂತನ.