ಅಜ್ಜ ದಿಂಬು ಅಪ್ಪಿಕೊಂಡು ಕೆಮ್ಮುವುದೇಕೆ?

ಮನೆಯಲ್ಲಿ ಅಜ್ಜನಿಗೋ ಅಜ್ಜಿಗೋ ಓಪನ್ ಹಾರ್ಟ್ ಆಪರೇಷನ್ ಆಗಿದ್ದರೆ ನೀವೊಂದು ಸೋಜಿಗ ನೋಡಿರುತ್ತೀರಿ. ಕೆಮ್ಮು ಬರುವ ಸೂಚನೆ ಸಿಕ್ಕಿದ್ದೇ ತಡ, ಅವರು ದಿಂಬಿಗೆ ಕೈ ಚಾಚುತ್ತಾರೆ. ಅದನ್ನು ಎದೆಗೆ ಒತ್ತಿ ಹಿಡಿದು, ಆಮೇಲೆ ಕೆಮ್ಮುತ್ತಾರೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಪಾಠ ಅದು.

ನಿಮ್ಮ ಎದೆಯ ನಟ್ಟನಡುವೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ಗಟ್ಟಿಯಾಗಿ, ಚಪ್ಪಟೆಯಾಗಿ ಸಿಗುವುದೇ ಎದೆಮೂಳೆ. ಹೃದಯ ಇರುವುದು ಇದರ ಹಿಂದೆ. ಅಲ್ಲಿಗೆ ತಲುಪಲು ಶಸ್ತ್ರವೈದ್ಯರು ಈ ಮೂಳೆಯನ್ನು ಉದ್ದಕ್ಕೆ ಸೀಳಿ ಎರಡು ಪಾಲು ಮಾಡುತ್ತಾರೆ. ಹೆದರಬೇಡಿ, ಅರಿವಳಿಕೆ ಕೊಟ್ಟಿರುವುದರಿಂದ ರೋಗಿಗೆ ಇದರ ನೋವು ಗೊತ್ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಎರಡೂ ಪಾಲುಗಳನ್ನು ಜೋಡಿಸಿ ಸ್ಟೀಲ್ ತಂತಿಗಳಿಂದ ಬಿಗಿಯುತ್ತಾರೆ. ಮುರಿದ ಮಣೆಗೆ ಅಂಟು ಹಚ್ಚಿ, ಅದು ಒಣಗುವ ತನಕ ಹಗ್ಗ ಸುತ್ತಿಡುತ್ತೇವಲ್ಲ, ಹಾಗೆ. ಇಲ್ಲಿ ಅಂಟು ತಯಾರಿಸುವುದು ದೇಹವೇ. ಮೊದಲು ಸಂದಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಜೀವಕೋಶಗಳು ಬಂದು ನಾರಿನ ಜಾಲ ನೇಯುತ್ತವೆ. ಆ ಜಾಲದಲ್ಲಿ ಕ್ಯಾಲ್ಸಿಯಂ ಲವಣಗಳು ಕೂತು ಅದು ಮೆಲ್ಲಗೆ ಮೂಳೆಯಾಗುತ್ತದೆ. ಕೂಡಿಕೊಳ್ಳಲು 6ರಿಂದ 8 ವಾರ, ಪೂರ್ತಿ ಬಲ ಬರಲು ಸುಮಾರು 3 ತಿಂಗಳು. ಮೇಲಿನ ಚರ್ಮವಾದರೋ ಅದಕ್ಕೂ ಎಷ್ಟೋ ಮೊದಲೇ ಮುಚ್ಚಿಕೊಂಡಿರುತ್ತದೆ. ನೋಡುವವರಿಗೆ ಅಜ್ಜ ಗುಣವಾಗಿದ್ದಾರೆ, ಆದರೆ ಒಳಗೆ ಕಟ್ಟುವ ಕೆಲಸ ಇನ್ನೂ ನಡೆದಿದೆ.

ಕೆಮ್ಮಿದಾಗ ಎದೆಗೂಡು ಜೋರಾಗಿ ಅದುರುತ್ತದೆ. ದಿಂಬಿನ ಒತ್ತು ಆ ಅದುರನ್ನು ತಗ್ಗಿಸಿ ನೋವು ಕಡಿಮೆ ಮಾಡುತ್ತದೆ. ಹಾಗಾದರೆ ಕೆಮ್ಮದೇ ಇದ್ದರಾಯಿತಲ್ಲ ಎನ್ನುತ್ತೀರಾ? ಕೆಮ್ಮಲೇಬೇಕು! ಅದರ ಕಾರಣ ಆಪರೇಷನ್ ಕೋಣೆಯಲ್ಲಿದೆ.

ಸದಾ ಮಿಡಿಯುವ ಹೃದಯದ ಮೇಲೆ ಸೂಕ್ಷ್ಮವಾದ ಹೊಲಿಗೆ ಹಾಕುವುದು ಬಲು ಕಷ್ಟ. ಹಾಗಾಗಿ ಅನೇಕ ಆಪರೇಷನ್‌ಗಳಲ್ಲಿ ಪೊಟ್ಯಾಸಿಯಂ ಇರುವ ದ್ರವ ಕೊಟ್ಟು ಹೃದಯವನ್ನು ಕೆಲ ಹೊತ್ತು ನಿಲ್ಲಿಸುತ್ತಾರೆ. ಅಷ್ಟು ಹೊತ್ತು ರಕ್ತಕ್ಕೆ ಆಮ್ಲಜನಕ ಬೆರೆಸಿ ಮೈಗೆಲ್ಲ ಕಳಿಸುವುದು ಹಾರ್ಟ್-ಲಂಗ್ ಯಂತ್ರ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ವೈದ್ಯರು ವರ್ಷಗಟ್ಟಲೆ ದುಡಿದು ಇಂಥ ಯಂತ್ರ ಕಟ್ಟಿದರು. 1953ರ ಮೇ 6ರಂದು ಅದು 18 ವರ್ಷದ ಹುಡುಗಿಯೊಬ್ಬಳ ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ 26 ನಿಮಿಷ ನಿಭಾಯಿಸಿತು. ಅವಳ ಹೃದಯದ ರಂಧ್ರ ಮುಚ್ಚಿತು, ಅವಳು ಬದುಕಿದಳು. ಮನುಷ್ಯ ಮಾಡಿದ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಯಂತ್ರ ಉಸಿರಾಡುವಾಗ ಶ್ವಾಸಕೋಶ ಸುಮ್ಮನಿರುತ್ತದೆ. ಅದರೊಳಗಿನ ಕೋಟ್ಯಂತರ ಪುಟ್ಟ ಗಾಳಿಚೀಲಗಳಲ್ಲಿ ಎಷ್ಟೋ ಮುದುಡಿಕೊಳ್ಳುತ್ತವೆ. ಆಮೇಲೂ ನೋವಿಗೆ ಹೆದರಿ ರೋಗಿ ಮೇಲುಮೇಲೆ ಉಸಿರಾಡಿದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಅದಕ್ಕೇ ಕೆಮ್ಮಿ ಕಫ ತೆಗೆಯಿರಿ ಎನ್ನುತ್ತಾರೆ. ಅದಕ್ಕೇ ಮೂರು ಚೆಂಡುಗಳಿರುವ, ಸ್ಪೈರೋಮೀಟರ್ ಎಂಬ ಪ್ಲಾಸ್ಟಿಕ್ ಉಸಿರಾಟದ ಸಾಧನ ಕೊಡುತ್ತಾರೆ. ಅದನ್ನು ಊದುವುದು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಆದರೆ ಚೆಂಡು ಮೇಲೇಳಬೇಕಾದರೆ ಉಸಿರನ್ನು ಒಳಕ್ಕೆ ಎಳೆದುಕೊಳ್ಳಬೇಕು. ಹಾಗೆ ಎಳೆದಾಗಲೇ ಮುದುಡಿದ ಗಾಳಿಚೀಲಗಳು ಬಿಚ್ಚಿಕೊಳ್ಳುವುದು.

ಆಪರೇಷನ್ ಆದ ಮೇಲೆ ಮೊದಲ ಒಂದೆರಡು ದಿನ ಐಸಿಯು ಎಂಬ ತೀವ್ರ ನಿಗಾ ಘಟಕದಲ್ಲಿ ವಾಸ. ಮೈತುಂಬ ನಳಿಕೆಗಳು: ಎದೆಯೊಳಗೆ ನಿಲ್ಲುವ ರಕ್ತ, ನೀರು ಹೊರಬರಲು ಒಂದು, ಮೂತ್ರಕ್ಕೊಂದು, ಔಷಧಿಗೊಂದು. ಎಚ್ಚರವಾದರೂ ಗಂಟಲಲ್ಲಿ ಉಸಿರಿನ ನಳಿಕೆ ಇರುವ ತನಕ ಮಾತಾಡಲು ಆಗುವುದಿಲ್ಲ. ಅದು ಹೊರಬಂದ ಮೇಲೆ ಕೂರಿಸುತ್ತಾರೆ, ಬೇಗನೆ ನಡೆಸುತ್ತಾರೆ. ಸುಮಾರು ಒಂದು ವಾರಕ್ಕೆ ಡಿಸ್ಚಾರ್ಜ್.

ಆದದ್ದು ಬೈಪಾಸ್ ಆಪರೇಷನ್ ಆಗಿದ್ದರೆ, ಮನೆಗೆ ಬಂದವರ ಕಾಲಲ್ಲೂ ಉದ್ದದ ಗಾಯ ಇರಬಹುದು. ಬೈಪಾಸ್ ಎಂದರೆ ಹೃದಯದ ಕಟ್ಟಿಕೊಂಡ ರಕ್ತನಾಳದ ಪಕ್ಕದಲ್ಲಿ ಹೊಸ ದಾರಿ ಮಾಡುವುದು, ಅದಕ್ಕೆ ಹಲವು ಬಾರಿ ಕಾಲಿನದೇ ಒಂದು ರಕ್ತನಾಳ ತೆಗೆಯುತ್ತಾರೆ. ಅದರ ಕೆಲಸವನ್ನು ಕಾಲಿನ ಉಳಿದ ನಾಳಗಳು ವಹಿಸಿಕೊಳ್ಳುತ್ತವೆ. ಕೆಲ ವಾರ ಪಾದ ಊದಿರಬಹುದು.

ಕಣ್ಣಿಗೆ ಕಾಣದ ಆಯಾಸವೂ ಇರುತ್ತದೆ. ಊಟ ರುಚಿಸದು, ರಾತ್ರಿ ನಿದ್ದೆ ಬಾರದು, ಹೆಸರು ಮರೆಯುತ್ತದೆ. ಕಥೆ ಹೇಳುತ್ತಿದ್ದ ಅಜ್ಜ ಸುಮ್ಮಸುಮ್ಮನೆ ರೇಗಬಹುದು, ಅತ್ತುಬಿಡಲೂಬಹುದು. ನೀವೇನೋ ತಪ್ಪು ಮಾಡಿದಿರಿ ಎಂದು ಕೊರಗಬೇಡಿ. ದೊಡ್ಡ ಆಪರೇಷನ್ ಆದ ಎಷ್ಟೋ ಜನರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ವಾರಗಳು ಕಳೆದಂತೆ ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರಿಗೆ ಹೇಳಬೇಕು.

ಎತ್ತಿಕೋ ಎಂದು ಮಾತ್ರ ಈಗ ಹಠ ಮಾಡಬೇಡಿ. ತೋಳನ್ನು ಆಡಿಸುವ ಎದೆಯ ದೊಡ್ಡ ಸ್ನಾಯುಗಳು ಅಂಟಿಕೊಂಡಿರುವುದು ಎದೆಮೂಳೆಗೇ. ಭಾರ ಎತ್ತಿದರೆ, ಬಾಗಿಲು ಜಗ್ಗಿದರೆ, ಕೈಯೂರಿ ಎದ್ದರೆ ಅವು ಕೂಡಿಕೊಳ್ಳುತ್ತಿರುವ ಮೂಳೆಯನ್ನು ಎರಡು ಕಡೆಗೆ ಎಳೆಯುತ್ತವೆ. ತುಂಬಿದ ನೀರಿನ ಬಿಂದಿಗೆ, ನಿಮ್ಮ ಶಾಲೆಯ ಬ್ಯಾಗು ಎರಡೂ ಅವರಿಗೆ ಹೆಚ್ಚಿನ ಭಾರವೇ. ಸ್ಕೂಟರ್ ಸವಾರಿಯೂ ಸದ್ಯಕ್ಕೆ ಬೇಡ.

ನಿಮ್ಮ ತರಗತಿಯಲ್ಲೇ ಹೃದಯದ ಆಪರೇಷನ್ ಆದ ಗೆಳೆಯ ಇರಬಹುದು. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವಿರುವ ಮಕ್ಕಳಿದ್ದಾರೆ. ಆಪರೇಷನ್ ಆದ ಗೆಳೆಯನನ್ನು ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಡಾಕ್ಟರು ಸರಿ ಎನ್ನುವ ತನಕ ತಳ್ಳಾಟದ ಆಟಗಳಿಗೆ ಕರೆಯಬೇಡಿ. ಚೆಸ್ಸಿಗೆ ಕರೆಯಿರಿ.

ಇನ್ನು, ಅಜ್ಜ ಸಂಜೆ ನಡೆಯಲು ಹೊರಟರೆ ನೀವೂ ಹೊರಡಿ. ಮಾತಾಡುತ್ತಾ ನಡೆಯಿರಿ. ಮಾತು ಮುಗಿಸಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ಅರ್ಥ, ನಿಂತು ಸುಧಾರಿಸಿಕೊಳ್ಳಲಿ. ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಎದೆಮೂಳೆ ಕಟಕಟ ಎಂದರೆ, ಎದೆನೋವು ಬಂದರೆ ಅಥವಾ ಕೂತಲ್ಲೇ ಉಸಿರು ಕಟ್ಟಿದರೆ, ಅಜ್ಜ ಬೇಡವೆಂದರೂ ಆ ಕ್ಷಣವೇ ಮನೆಯ ದೊಡ್ಡವರಿಗೆ ಹೇಳಿ.