ಮರ ಕೊಯ್ಯುವ ಯಂತ್ರಕ್ಕೆ ಮನೆಯಲ್ಲೇ ಇರಬೇಕಾದ ಸಲಕರಣೆಗಳು

(ಮಲೆನಾಡು ಭಾಗದ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಹಾಲಿನ ಸಭೆಯಲ್ಲಿ ಗರಗಸದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬಚ್ಚಲ ಒಲೆಯ ಸೌದೆ, ಕೊಟ್ಟಿಗೆಯ ಕಂಬ, ಬೇಲಿಯ ಗೂಟ ಎಲ್ಲದಕ್ಕೂ ನಮ್ಮ ಕಡೆ ಈಗ ಚೈನ್ ಗರಗಸವೇ ಆಗಬೇಕು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆಷಾಢದ ಗಾಳಿಮಳೆಗೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದರೆ ಆ ದಿನ ಹಾಲಿನ ವಾಹನ ಬರುವುದಿಲ್ಲ. ಬೆಳಗಿನ ಹಾಲು ಕ್ಯಾನಿನಲ್ಲೇ ಹುಳಿಯಾಗುತ್ತದೆ. ಅಂಥ ದಿನ ಊರಿನಲ್ಲಿರುವ ಒಂದು ಯಂತ್ರ ಕೂಡಲೇ ಶುರುವಾಗಬೇಕು. ಶುರುವಾಗದಿದ್ದರೆ ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಗೆ ಒಯ್ಯೋಣವೆಂದರೆ ದಾರಿಯೇ ಕಟ್ಟಿರುತ್ತದೆ.

ಆದುದರಿಂದ ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದು, ಅದಕ್ಕೆ ಯಾವ ಸಲಕರಣೆ ಬೇಕು, ಯಾವುದು ಬೇಡ ಎಂಬುದನ್ನು ಹೇಳುತ್ತೇನೆ. ಮರ ಕಡಿಯಲು ಪಡೆಯಬೇಕಾದ ಪರವಾನಗಿಯ ವಿಷಯ ಬೇರೆ. ಅದನ್ನು ಅರಣ್ಯ ಇಲಾಖೆಯವರಲ್ಲಿ ಕೇಳಿ ತಿಳಿಯಿರಿ.

ನನ್ನ ಹತ್ತಿರ ಯಂತ್ರ ತರುವವರಲ್ಲಿ ಹೆಚ್ಚಿನವರ ದೂರು ಒಂದೇ: "ಮಿಷನ್‌ಗೆ ಶಕ್ತಿ ಇಲ್ಲ ಮಾರಾಯ್ರೇ, ಇಂಜಿನ್ ನೋಡಿ." ನಾನು ಮೊದಲು ನೋಡುವುದು ಇಂಜಿನ್ನನ್ನಲ್ಲ, ಅದು ಉದುರಿಸಿದ ಹುಡಿಯನ್ನು. ಚೈನ್ ಹರಿತವಾಗಿದ್ದರೆ ಮರದಿಂದ ಸಣ್ಣ ಸಣ್ಣ ಚಕ್ಕೆ ಬೀಳುತ್ತದೆ. ಮೊಂಡಾಗಿದ್ದರೆ ರಾಗಿ ಹಿಟ್ಟಿನಂಥ ನಯ ಹುಡಿ ಬೀಳುತ್ತದೆ, ಹೊಗೆಯ ವಾಸನೆ ಬರುತ್ತದೆ, ಯಂತ್ರವನ್ನು ಮೈಭಾರ ಹಾಕಿ ಒತ್ತಬೇಕಾಗುತ್ತದೆ. ಹಿಟ್ಟು ಬೀಳುತ್ತಿದ್ದರೆ ಕಾರ್ಬೊರೇಟರಿನ ಸ್ಕ್ರೂ ಮುಟ್ಟಬೇಡಿ. ಅರ ಕೈಗೆತ್ತಿಕೊಳ್ಳಿ.

ಈ ಹಲ್ಲಿನ ರಚನೆಗೆ ಒಂದು ಕಥೆಯಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರದ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಮರ ಕೊರೆಯುವ ಹುಳುವೊಂದನ್ನು ಗಮನಿಸಿದ. ಅದು ಎಡಕ್ಕೂ ಬಲಕ್ಕೂ ಬಾಯಾಡಿಸಿ ಮರ ತಿನ್ನುತ್ತಿತ್ತು. ಅದೇ ರೀತಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಬಾಗಿದ ಚೈನನ್ನು ಆತ ಮಾಡಿದ. ಇಂದು ನಮ್ಮ ಕೈಯಲ್ಲಿರುವ ಚೈನೂ ಅದೇ ಜಾತಿಯದು. ಹಲ್ಲಿನ ಮುಂದೆ ಒಂದು ಗಿಡ್ಡ ಗೂಟವಿರುವುದನ್ನು ನೋಡಿ. ಹಲ್ಲು ಮರಕ್ಕೆ ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವುದು ಆ ಗೂಟವೇ.

ಅರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೇಕಾದದ್ದು ಗುಂಡು ಅರ, ಅದೂ ಸರಿಯಾದ ದಪ್ಪದ್ದು. ಅಂಗಡಿಯವರು ಕೊಟ್ಟದ್ದನ್ನು ತಂದರೆ ಹಲ್ಲಿನ ಆಕಾರವೇ ಕೆಡುತ್ತದೆ. ಚೈನಿನಲ್ಲಿ ಒಂದರ ಪಕ್ಕ ಒಂದಿರುವ ಮೂರು ರಿವೆಟ್ಟುಗಳನ್ನು ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು ಅರ್ಧ ಮಾಡಿ. ಅದೇ ಚೈನಿನ ಪಿಚ್. ಮನೆ ಬಳಕೆಯ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿರುವ 3/8 ಇಂಚಿನ ತಗ್ಗು ಹಲ್ಲಿನ ಚೈನಿಗೆ 4 ಮಿ.ಮೀ. ಅರ, 0.325 ಇಂಚಿನ ಚೈನಿಗೆ 4.8 ಮಿ.ಮೀ. ಅರ. ದೊಡ್ಡ ಯಂತ್ರಗಳ ಎತ್ತರ ಹಲ್ಲಿನ 3/8 ಚೈನಿಗೆ ಇನ್ನೂ ದಪ್ಪದ್ದು ಬೇಕು. ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ. ಆ ಪುಸ್ತಕವನ್ನು ದಯವಿಟ್ಟು ಒಲೆಗೆ ಹಾಕಬೇಡಿ.

ಅರಕ್ಕೆ ಹಿಡಿ ಹಾಕಿಸಿ, ಇಲ್ಲವಾದರೆ ಅದರ ಮೊನೆ ಅಂಗೈಗೆ ಚುಚ್ಚುತ್ತದೆ. ಜೊತೆಗೆ ಕೋನ ತೋರಿಸುವ ಗೆರೆಯಿರುವ ಅರದ ಗೈಡ್ ಒಂದನ್ನು ಕೊಳ್ಳಿ. ಸಾಮಾನ್ಯ ಚೈನುಗಳಿಗೆ ಕೋನ 30 ಡಿಗ್ರಿ. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಹಲ್ಲಿನ ಮೇಲ್ಗಡೆ ಕಾಣುತ್ತಿರಬೇಕು. ಬಾರನ್ನು ಅಲುಗಾಡದಂತೆ ಬಿಗಿದು, ಹಲ್ಲಿನ ಒಳಗಡೆಯಿಂದ ಹೊರಕ್ಕೆ ಮಾತ್ರ ಅರ ತಳ್ಳಿ. ಹಿಂದೆ ತರುವಾಗ ಎತ್ತಿಕೊಳ್ಳಿ. ಒಂದು ಹಲ್ಲಿಗೆ ಮೂರು ಸಲ ತಳ್ಳಿದರೆ ಎಲ್ಲಕ್ಕೂ ಮೂರೇ ಸಲ. ಕಲ್ಲಿಗೆ ತಾಗಿ ಒಂದು ಹಲ್ಲು ಹೆಚ್ಚು ಸವೆದಿದ್ದರೆ ಮಿಕ್ಕವನ್ನೂ ಅದರ ಉದ್ದಕ್ಕೇ ತರಬೇಕು. ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡವಾದರೆ ಕೊಯ್ತ ನೆಟ್ಟಗೆ ಹೋಗದೆ ಓರೆಯಾಗುತ್ತದೆ.

ಹಲ್ಲನ್ನು ಮೂರು ನಾಲ್ಕು ಸಲ ಅರದ ಮೇಲೆ ಗೂಟವನ್ನು ನೋಡಬೇಕು. ಇದಕ್ಕೊಂದು ಅಳತೆಯ ತಗಡುಪಟ್ಟಿ ಮತ್ತು ಚಪ್ಪಟೆ ಅರ ಬೇಕು. ಹಲ್ಲಿಗಿಂತ ಗೂಟ ಸುಮಾರು 0.65 ಮಿ.ಮೀ. ತಗ್ಗಿರುವುದು ಸಾಮಾನ್ಯ ಲೆಕ್ಕ. ಬೇಗ ಕೊಯ್ಯಲೆಂದು ಗೂಟವನ್ನು ಕಣ್ಣಂದಾಜಿನಲ್ಲಿ ಹೆಚ್ಚು ತಗ್ಗಿಸುವವರಿದ್ದಾರೆ. ಹಾಗೆ ಮಾಡಿದರೆ ಚೈನ್ ಮರವನ್ನು ಗಬಕ್ಕನೆ ಕಚ್ಚಿ, ಯಂತ್ರ ಮುಖದ ಕಡೆಗೆ ಒದೆಯುತ್ತದೆ. ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಟ್ಟು ನೋಡುತ್ತೇವೆಯೇ ಹೊರತು ಹಾಲಿನ ಬಣ್ಣ ನೋಡಿ ದರ ಹಾಕುವುದಿಲ್ಲವಷ್ಟೆ.

ಕರೆಂಟಿನ ಗ್ರೈಂಡರ್ ತರಲೇ ಎಂದು ಕೆಲವರು ಕೇಳುತ್ತಾರೆ. ಮನೆ ಬಳಕೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಕೈ ತಪ್ಪಿ ಹಲ್ಲು ಕಾದು ನೀಲಿಯಾದರೆ ಅದರ ಗಟ್ಟಿತನ ಹೋಯಿತು.

ಉಳಿದ ಸಲಕರಣೆ ಹೆಚ್ಚಿಲ್ಲ. ಯಂತ್ರದ ಜೊತೆಗೇ ಬರುವ ಟಿ ಆಕಾರದ ಸ್ಪಾನರಿನಿಂದ ಪ್ಲಗ್, ಬಾರಿನ ನಟ್ಟು ಎರಡನ್ನೂ ಬಿಚ್ಚಬಹುದು. ಹಲವು ಯಂತ್ರಗಳ ಮೈಯಲ್ಲಿ ನಕ್ಷತ್ರದ ಆಕಾರದ ಗುಳಿಯಿರುವ ಸ್ಕ್ರೂಗಳಿರುತ್ತವೆ. ಅದಕ್ಕೆ ಟಿ-27 ಅಳತೆಯ ಉದ್ದ ಕೀ ಬೇಕು. ಬಾರಿನ ಗಾಡಿಯಲ್ಲಿ ಸೇರಿದ ಹುಡಿ ತೆಗೆಯಲು ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು ಸಾಕು. ಎಣ್ಣೆಯ ತೂತನ್ನೂ ಆಗಲೇ ಬಿಡಿಸಿ, ಬಾರನ್ನು ಮಗುಚಿ ಹಾಕಿದರೆ ಎರಡೂ ಅಂಚು ಸಮವಾಗಿ ಸವೆಯುತ್ತವೆ. ಪ್ಲಗ್ಗಿನ ಅಂತರ ನೋಡಲು ಫೀಲರ್ ಗೇಜ್ ಇರಲಿ, ಸಾಮಾನ್ಯವಾಗಿ 0.5 ಮಿ.ಮೀ. ಕ್ಲಚ್ ಬಿಚ್ಚುವಾಗ ಪಿಸ್ಟನ್ ತಡೆದು ನಿಲ್ಲಿಸಲು ಒಂದು ಮೊಳ ಮೆತ್ತನೆಯ ಹಗ್ಗ ಸಾಕು. ಪಿಸ್ಟನ್ ಮೇಲೇರಿ ಪಕ್ಕದ ಕಿಂಡಿಗಳು ಮುಚ್ಚಿದ ಮೇಲೆ ಪ್ಲಗ್ಗಿನ ತೂತಿನಿಂದ ಹಗ್ಗ ತುರುಕಿ, ತುದಿ ಹೊರಗಿರಲಿ. ಕ್ಲಚ್ಚಿನದು ಸಾಮಾನ್ಯವಾಗಿ ಎಡಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಬಲ ಹಾಕಿ ಮುರಿದವರಿದ್ದಾರೆ.

ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಲು ಹೊಸದಾದ 20 ಮಿ.ಲೀ. ಸಿರಿಂಜ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. 50ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 20 ಮಿ.ಲೀ.; 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಹಾಲಿನ ಅಳತೆ ಪಾತ್ರೆಯನ್ನು ಇದಕ್ಕೆ ಮುಟ್ಟಬಾರದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದ್ದು ಅದು ನಮ್ಮ ಮಳೆಗಾಲದ ತೇವವನ್ನು ಹೀರುತ್ತದೆ. ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ. ಯಂತ್ರವನ್ನು ಬಹುದಿನ ಎತ್ತಿಡುವುದಾದರೆ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಡಿ.

ಇನ್ನು ಕಾರ್ಬೊರೇಟರ್. ಚೈನ್ ಹರಿತವಾಗಿ, ಗಾಳಿಯ ಫಿಲ್ಟರ್ ತೊಳೆದು ಒಣಗಿ, ಪೆಟ್ರೋಲ್ ಹೊಸದಾಗಿ, ಪ್ಲಗ್ ಸರಿಯಾಗಿದ್ದ ಮೇಲೂ ತೊಂದರೆಯಿದ್ದರೆ ಮಾತ್ರ ಸಣ್ಣ ಸ್ಕ್ರೂಡ್ರೈವರ್ ಹಿಡಿಯಿರಿ. ಅಲ್ಲಿ ಎಲ್ ಮತ್ತು ಎಚ್ ಎಂದು ಎರಡು ಸ್ಕ್ರೂ, ನಿಧಾನದ ಓಟಕ್ಕೆ ಎಲ್‌ಎ ಅಥವಾ ಟಿ ಎಂದು ಇನ್ನೊಂದು ಇರುತ್ತವೆ. ಕೆಲವು ಯಂತ್ರಗಳಲ್ಲಿ ಎಲ್‌ಎ ಒಂದೇ ತಿರುಗುತ್ತದೆ. ಉಳಿದದ್ದನ್ನು ಬಲವಂತದಿಂದ ತಿರುಗಿಸಬೇಡಿ. ಯಂತ್ರ ಬಿಸಿಯಾಗಿರಲಿ. ಕೈ ಬಿಟ್ಟಾಗಲೂ ಚೈನ್ ಓಡುತ್ತಿದ್ದರೆ ಎಲ್‌ಎ ಸ್ಕ್ರೂವನ್ನು ಎಡಕ್ಕೆ ಸಡಿಲಿಸಿ. ಆಗಲೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ನೋಡಬೇಕು. ಆಕ್ಸಲರೇಟರ್ ಒತ್ತಿದಾಗ ತಡವರಿಸಿದರೆ ಎಲ್ ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಎಡಕ್ಕೆ ತಿರುಗಿಸಿ ನೋಡಿ.

ಎಚ್ ಸ್ಕ್ರೂವೇ ಅಪಾಯದ್ದು. ಬಲಕ್ಕೆ ತಿರುಗಿಸಿದಂತೆ ಪೆಟ್ರೋಲ್ ಕಡಿಮೆಯಾಗಿ ಯಂತ್ರ ಕೀರಲು ದನಿಯಲ್ಲಿ ಜೋರಾಗಿ ಓಡುತ್ತದೆ. ಕೇಳುವವರಿಗೆ ಶಕ್ತಿ ಬಂತೆಂದು ಖುಷಿ. ಆದರೆ ಟೂ-ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ನಮ್ಮ ಊರಿನ ಒಂದು ಮನೆಯಲ್ಲಿ ಮೊಂಡು ಚೈನಿಗೆ ಈ ಸ್ಕ್ರೂ ತಿರುಗಿಸಿಯೇ ಮದ್ದು ಮಾಡಿದರು. ಒಂದೇ ಮಧ್ಯಾಹ್ನಕ್ಕೆ ಪಿಸ್ಟನ್ನು, ಸಿಲಿಂಡರು ಎರಡೂ ಹೋದವು. ಸರಿಯಾಗಿದ್ದರೆ ಮರಕ್ಕೆ ತಾಗಿಸದೆ ಪೂರ್ತಿ ಓಡಿಸಿದಾಗ ದನಿ ತುಸು ಗೊರಗೊರ ಎನ್ನಬೇಕು, ಮರಕ್ಕೆ ತಾಗಿದೊಡನೆ ಶುದ್ಧವಾಗಬೇಕು. ಖಚಿತವಾಗಿ ನೋಡಲು ಪ್ಲಗ್ಗಿನ ವಯರಿಗೆ ಸುತ್ತುವ ಟ್ಯಾಕೋಮೀಟರ್ ಸಿಗುತ್ತದೆ. ಕೈಪಿಡಿ ಹೇಳಿದ ಸುತ್ತುಗಳನ್ನು ಮೀರದಂತೆ ಇಡಬಹುದು. ಆದರೆ ಮನೆಗೊಂದು ಬೇಕಿಲ್ಲ. ಏಳೆಂಟು ಯಂತ್ರಗಳಿರುವ ಊರಿನವರು ಕೂಡಿ ಒಂದು ತಂದಿಟ್ಟುಕೊಂಡರೆ ಸಾಕು.

ಕೊನೆಯದಾಗಿ, ಈ ಕೆಲಸವನ್ನು ಎಲ್ಲಿ ಮಾಡುತ್ತೀರಿ ಎಂಬುದು. ಮಳೆಗೆ ನೆರಳೆಂದು ಕೊಟ್ಟಿಗೆಯಲ್ಲಿ, ಹುಲ್ಲಿನ ಬಣವೆಯ ಪಕ್ಕದಲ್ಲಿ ಕುಳಿತು ರಿಪೇರಿ ಮಾಡುವ ಅಭ್ಯಾಸ ಅನೇಕರದು. ತಂತಿ ಬ್ರಷ್ಷಿನಿಂದ ಉದುರಿದ ಎಳೆ, ಮುರಿದ ಹಲ್ಲು, ರಿವೆಟ್ಟಿನ ತುಂಡು ಮೇವಿನೊಳಗೆ ಸೇರಿದರೆ ಹಸು ಅದನ್ನು ಬೇರ್ಪಡಿಸಿ ತಿನ್ನುವುದಿಲ್ಲ, ಹಾಗೇ ನುಂಗುತ್ತದೆ. ಮೊನಚಾದ ಚೂರು ಹೊಟ್ಟೆಯ ಎರಡನೇ ಚೀಲದಲ್ಲಿ ನಿಂತು ಅದರ ಗೋಡೆ ಚುಚ್ಚುತ್ತದೆ. ಅದರ ಮುಂದೆ ಹೃದಯವಿದೆ. ಮೇವು ಬಿಡುವುದು, ಹಾಲು ಇಳಿಯುವುದು, ಬೆನ್ನು ಗೂನು ಮಾಡಿ ನಿಲ್ಲುವುದು ಕಂಡರೆ ಪಶುವೈದ್ಯರನ್ನು ಕರೆಸಿ, ರಿಪೇರಿ ಮಾಡಿದ ಸಂಗತಿಯನ್ನೂ ಹೇಳಿ. ನನ್ನ ಪೆಟ್ಟಿಗೆಯಲ್ಲಿ ಹಳೆಯ ಸ್ಪೀಕರಿನಿಂದ ತೆಗೆದ ಒಂದು ಆಯಸ್ಕಾಂತ ಸದಾ ಇರುತ್ತದೆ. ಕೆಲಸ ಮುಗಿದ ಮೇಲೆ ಗೋಣಿಚೀಲದ ಮೇಲೆಲ್ಲ ಅದನ್ನು ಆಡಿಸಿ, ಅಂಟಿದ್ದನ್ನು ಡಬ್ಬಿಗೆ ಹಾಕುತ್ತೇನೆ. ಚೈನಿಗೆ ಗಾಡಿಯ ಹಳೇ ಇಂಜಿನ್ ಆಯಿಲ್ ಹಾಕುವುದೂ ಬೇಡ. ಅದರಲ್ಲಿರುವ ಲೋಹದ ಹುಡಿ ಎಣ್ಣೆಯ ಪಂಪನ್ನು ಸವೆಸುತ್ತದೆ. ಚೈನ್ ಅದನ್ನು ಸುತ್ತಲಿನ ಹುಲ್ಲಿಗೆಲ್ಲ ಸಿಡಿಸುತ್ತದೆ, ಮರುದಿನ ಅದೇ ಹುಲ್ಲನ್ನು ದನ ಮೇಯುತ್ತದೆ.

ಹೊರಗಿನ ಮೇಜಿನ ಮೇಲೆ ಮೂರು ಚೈನು ಇಟ್ಟಿದ್ದೇನೆ: ಒಂದು ಮೊಂಡು, ಒಂದು ಸರಿಯಾಗಿ ಅರದದ್ದು, ಮತ್ತೊಂದು ಗೂಟ ಅತಿಯಾಗಿ ತಗ್ಗಿಸಿದ್ದು. ಕೈಗವಸು ಹಾಕಿಕೊಂಡು ಮುಟ್ಟಿ ನೋಡಿ. ಅರ ಹಿಡಿಯಲು ಬಯಸುವವರು, ಹೆಣ್ಣುಮಕ್ಕಳೂ ಸೇರಿ, ಊಟದ ನಂತರ ಅಲ್ಲಿಗೆ ಬನ್ನಿ.